ನಡುಗುವ ಪರದೆ

ಗುಳೇದಗುಡ್ಡದಲ್ಲಿ ಕಳಕಪ್ಪ ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ಅದಕ್ಕೇ ತಾಯಿ ನೀಲವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ನೀಲವ್ವ ಕಂಪ್ಯೂಟರಿನಲ್ಲಿ ರವಿಕೆ ಖಣದ ಮೇಲೆ ನೇಯುವ ಬುಟ್ಟಾ ಚಿತ್ತಾರ ಬರೆಯುವವಳು. ಒಂದು ಚೌಕಕ್ಕೆ ಒಂದು ಎಳೆ. ಊರವರ ಹಳೇ ಬುಟ್ಟಾ ತಿದ್ದಿ ತಿದ್ದಿ, ಈಗ ಮೊದಲ ಸಲ ಸ್ವಂತದ್ದೊಂದು ನವಿಲು ಬರೆದಿದ್ದಳು. ಸಂಜೆಯೊಳಗೆ ಕೊಡದಿದ್ದರೆ ಎದುರು ಮನೆಯ ನೇಕಾರ ಶಿವಪುತ್ರಪ್ಪ ಹಳೇ ಬುಟ್ಟಾವನ್ನೇ ಮಗ್ಗಕ್ಕೆ ಏರಿಸುವವನಿದ್ದ. ಅಂಥ ದಿನವೇ ಪರದೆ ಗಡಗಡ ನಡುಗಿತು. ಯಾವ ಚೌಕ ಎಲ್ಲಿದೆ ತಿಳಿಯದು.

ರಿಪೇರಿಯ ಇಮಾಮಸಾಬ ಫೋನಿನಲ್ಲೇ ಕಾರಣ ಹೇಳಿದ. ಡ್ರೈವರ್ ಅನ್ನುವ ತಂತ್ರಾಂಶ ಸೆಕೆಂಡಿಗೆ ಎಪ್ಪತ್ತೈದು ಸಲ ಚಿತ್ರ ತಳ್ಳುತ್ತಿದೆ, ಹಳೇ ಪರದೆ ತಾಳುವುದು ಅರವತ್ತೇ. ಅರವತ್ತಕ್ಕೆ ಇಳಿಸಿ, ಆಮೇಲೆ ಏನನ್ನೂ ಮುಟ್ಟಬೇಡಿ ಅಂದ.

ನೀಲವ್ವ ಒಲೆಯ ಕಡೆ ಹೋದಾಗ ಕಳಕಪ್ಪ ಇಳಿಸಿದ. ಪರದೆ ಕಪ್ಪಾಯಿತು, ಮತ್ತೆ ಬಂತು. ನವಿಲು ನಿಶ್ಚಲವಾಗಿ ನಿಂತಿತು. ಹೀಗೇ ಇರಲೇ ಅಂತ ಪರದೆ ಕೇಳಿತು, ಹದಿನೈದು ಸೆಕೆಂಡು ಎಣಿಸಿತು. ಕಳಕಪ್ಪ ಕೈಕಟ್ಟಿ ಕೂತ. ಉತ್ತರ ಸಿಗದೆ ಅದು ಎಪ್ಪತ್ತೈದಕ್ಕೇ ಮರಳಿ ನಡುಗಿತು.

"ಕೇಳಿದ್ದಕ್ಕ ಹೂಂ ಅನ್ನಾಕ ನಿನಗೇನ ಧಾಡಿ?" ಅಂದಳು ನೀಲವ್ವ.

ಮತ್ತೆ ಫೋನು ಮಾಡಿದರೆ, ಹಾಗಾದರೆ ಹೊಸ ಡ್ರೈವರನ್ನೇ ಹಾಕಿ ಅಂದ ಇಮಾಮಸಾಬ. ಹಾಕಿದ್ದೂ ಕಳಕಪ್ಪನೇ. ಹಳೇದನ್ನು ತೆಗೆಯಲೇ? ಹೂಂ. ಕಂಪ್ಯೂಟರು ಆರಿಸಿ ಹೊತ್ತಿಸಲೇ? ಹೂಂ. ಬೆಳಿಗ್ಗೆ ಬರೆದದ್ದನ್ನು ಉಳಿಸದೆ ಬಿಡಲೇ? ಹೂಂ. ನವಿಲಿನ ಗರಿ ಅಷ್ಟೂ ಹೋಯಿತು. ಹೊಸ ಡ್ರೈವರೂ ಎಪ್ಪತ್ತೈದಕ್ಕೇ ನಿಂತು ಪರದೆ ನಡುಗಿಸಿತು.

ನೀಲವ್ವ ಹಣೆ ಚಚ್ಚಿಕೊಂಡಳು. ನನ್ನ ಕೇಳದೆ ಹೂಂ ಅಂದರೆ ಕೈ ಮುರಿಯುತ್ತೇನೆ ಅಂದಳು. ನಡುಗುವ ಪರದೆಗೇ ಮುಖ ಹಚ್ಚಿ, ಕಣ್ಣಲ್ಲಿ ನೀರು ಸುರಿಯುವವರೆಗೆ ಗರಿಗಳನ್ನು ಮತ್ತೆ ಬರೆದು ಉಳಿಸಿದಳು. ಒಮ್ಮೆ ಪರದೆಯ ನಡುಕ ನಿಂತರೆ ತಪ್ಪು ನೋಡಿ ಪೆನ್‌ಡ್ರೈವಿನಲ್ಲಿ ಕೊಟ್ಟುಬಿಡುವುದಷ್ಟೇ ಬಾಕಿ. ಅರವತ್ತಕ್ಕೆ ಇಳಿಸು ಅಂತ ಮಗನಿಗೆ ಹೇಳಿ ನೇಕಾರನನ್ನು ತಡೆಯಲು ಓಡಿದಳು.

ಇತ್ತ ಕಳಕಪ್ಪ ಅರವತ್ತು ಮಾಡಿದ. ಪರದೆ ಕೇಳಿತು. ಅವನು ಬೀದಿ ದಾಟಿ ತಾಯಿಯನ್ನು ಕೇಳಲು ಓಡಿದ. ಹೂಂ ಅನ್ನು ಅಂದಳು. ಮರಳುವಷ್ಟರಲ್ಲಿ ನಡುಗುತ್ತಿತ್ತು. ಮತ್ತೆ ಅರವತ್ತು, ಮತ್ತೆ ಓಟ. ಮೂರನೇ ಸಲ ಶಿವಪುತ್ರಪ್ಪನೂ ಮಗ್ಗ ಬಿಟ್ಟು ನೋಡತೊಡಗಿದ.

"ಏ ಮೂಳ, ನನ್ನ ಕೇಳಬ್ಯಾಡ. ಅಲ್ಲೇ ಹೂಂ ಅನ್ನು. ನಡುಗೂದು ನಿಂತ ಕೂಡಲೇ ಅದನ್ನ ಹಂಗ ಇಲ್ಲಿಗೆ ತಗೊಂಡ ಬಾ," ಅಂದಳು ನೀಲವ್ವ.

ಈ ಸಲ ಕಳಕಪ್ಪ ಹೂಂ ಅಂದ. ಪರದೆಯ ನಡುಕ ನಿಂತಿತು. ಸ್ವಲ್ಪ ಹೊತ್ತಿಗೆ ಅವನು ಬೀದಿಯಲ್ಲಿ ಕಾಣಿಸಿದ, ತುಂಬಿದ ಕೊಡ ಹೊತ್ತವನಂತೆ ಒಂದೊಂದೇ ಹೆಜ್ಜೆ. ವಯರು ಕಿತ್ತು ಪರದೆಯನ್ನೇ ಎದೆಗವಚಿಕೊಂಡಿದ್ದ. ಮಗ್ಗದ ಮುಂದೆ ಇಳಿಸಿದ.

"ನೋಡವ್ವ, ಒಂಚೂರೂ ನಡುಗೂದಿಲ್ಲ."

ಶಿವಪುತ್ರಪ್ಪ ಕಪ್ಪು ಗಾಜಿನಲ್ಲಿ ತನ್ನ ಮೀಸೆ ನೋಡಿಕೊಂಡ. ಹೊತ್ತು ಮುಳುಗಿತ್ತು, ಹಳೇ ಬುಟ್ಟಾವನ್ನು ಮಗ್ಗಕ್ಕೆ ಏರಿಸಿದ.