ಅಂಗೈ ಮೇಲಿನ ಗುಗ್ಗೆ

"ಗುರುಗಳೇ, ನನ್ನೊಳಗಿನ ಕೊಳೆಯನ್ನು ನೀವು ಒಂದು ದಿನವೂ ನನಗೆ ತೋರಿಸಲಿಲ್ಲವೇಕೆ?" ಎಂದು ಶಿಷ್ಯ ಕೇಳಿದ.

ಚೆನ್ನವೀರನೆಂಬ ಈ ಶಿಷ್ಯ ಮಠಕ್ಕೆ ಬಂದು ವರ್ಷಗಳಾಗಿದ್ದವು. ಈಚೆಗೆ ಹೊಳೆಯಾಚೆ ಒಬ್ಬ ಸ್ವಾಮಿ ಬಂದು ತಂಗಿದ್ದ. ಎದುರಿಗೆ ಕುಳಿತವನ ಮನಸ್ಸಿನಲ್ಲಿ ಅಡಗಿದ ಪಾಪವನ್ನು ಅವನು ಎತ್ತಿ ಹೊರಗಿಡುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಚೆನ್ನವೀರನೂ ಹೋಗಿ ಬಂದಿದ್ದ. ಹೋದಾಗಲೆಲ್ಲ ಅವನಲ್ಲಿ ಹೊಸದೊಂದು ಪಾಪ ಸಿಕ್ಕಿತ್ತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಒಬ್ಬನೇ ಕುಳಿತು ತನ್ನನ್ನು ತಾನು ಕೆದಕಿಕೊಳ್ಳುತ್ತಿದ್ದ. ಗುರುಗಳಾದರೋ ಎಂದಿನಂತೆ, ಅಂಗಳ ಗುಡಿಸು, ನೀರು ಸೇದು, ಹೊತ್ತಿಗೆ ಉಣ್ಣು, ಮನಸ್ಸು ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳುತ್ತದೆ ಎನ್ನುತ್ತಿದ್ದರು. ಆ ಮಾತು ಅವನಿಗೆ ಈಗ ಸಪ್ಪೆಯಾಗಿತ್ತು. ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟುವುದೆಂದು ಅವನು ನಿಶ್ಚಯಿಸಿಬಿಟ್ಟಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಕೈಗಿಂತ ಅವನ ಕಿವಿ ದೊಡ್ಡದು ಎಂದು ಊರವರು ಹೇಳುತ್ತಿದ್ದರು. ಆವಿಗೆಯಲ್ಲಿ ಸುಟ್ಟು ತೆಗೆದ ಮಡಕೆಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದ. ಠಣ್ ಎಂದರೆ ಸಂತೆಗೆ, ದಬ್ ಎಂದರೆ ತಿಪ್ಪೆಗೆ. ಕಣ್ಣಿಗೆ ಕಾಣದ ಬಿರುಕೂ ಆ ಕಿವಿಗೆ ಸಿಕ್ಕಿಬೀಳುತ್ತಿತ್ತು. ಬೇರೆ ಕುಂಬಾರರಲ್ಲಿ ಪ್ರತಿ ಮಡಕೆಯನ್ನೂ ಬಡಿದು ನೋಡಿ ಕೊಳ್ಳುವ ಹೆಂಗಸರು ಇವನಲ್ಲಿ ಬಡಿಯದೆ ಒಯ್ಯುತ್ತಿದ್ದರು. ಅದೇ ಅವನ ಮಾನ, ಅದೇ ಅವನ ಅನ್ನ.

ಒಂದು ಸಂತೆಯಲ್ಲಿ ಕಿವಿ ಶುಚಿ ಮಾಡುವವನೊಬ್ಬ ಬಂದು ಅವನೆದುರಿಗೇ ಕುಳಿತ. ತಲೆಗೆ ಕೆಂಪು ರುಮಾಲು, ರುಮಾಲಿನಲ್ಲಿ ಸಿಕ್ಕಿಸಿದ ಕಡ್ಡಿ, ಮಾತಿನಲ್ಲಿ ಬೆಲ್ಲ. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಕುಂಬಾರನನ್ನು ಕರೆದು, ಇಂಥ ಹೆಸರಾದ ಕಿವಿಯನ್ನು ಒಮ್ಮೆ ನೋಡಬೇಕೆಂದು ಆಸೆ ಎಂದ. ಕುಂಬಾರನ ಕಿವಿಗೆ ಏನೂ ಆಗಿರಲಿಲ್ಲ. ನೋವಿಲ್ಲ, ಕಟ್ಟಿಕೊಂಡಿಲ್ಲ, ತುರಿಕೆಯೂ ಇಲ್ಲ. ಆದರೂ ತಲೆ ಓರೆ ಮಾಡಿ ಕುಳಿತ. ಹೊಗಳಿದವನ ಮುಂದೆ ತಲೆ ಓರೆಯಾಗುವುದು ಲೋಕದ ರೂಢಿ.

ಆ ಮನುಷ್ಯ ಕಡ್ಡಿ ಹಾಕಿ ಮೆಲ್ಲಗೆ ತಿರುಗಿಸಿ, ಕಡಲೆಕಾಳಿನಷ್ಟು ಕಪ್ಪು ಗುಗ್ಗೆಯನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಕುಂಬಾರನಿಗೆ ಅಸಹ್ಯವಾಯಿತು. ಇಷ್ಟು ಕೊಳೆ ತುಂಬಿಕೊಂಡು ತಾನು ಮಡಕೆಗಳಿಗೆ ತೀರ್ಪು ಕೊಡುತ್ತಿದ್ದೆನೇ ಎಂದು ನಾಚಿದ. ಒಳಗೆ ಇನ್ನೂ ಇದೆ, ಮುಂದಿನ ಸಂತೆಗೆ ಬನ್ನಿ ಎಂದ ಆ ಮನುಷ್ಯ. ಮುಂದಿನ ಸಂತೆಯಲ್ಲೂ ಒಂದು ಉಂಡೆ ಬಂತು. ಅದರ ಮುಂದಿನದರಲ್ಲೂ ಬಂತು. ಕುಂಬಾರ ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. ಅವಳು ಮೊದಲು ನಕ್ಕಳು. ಅವನು ನಗದೆ ಇದ್ದುದನ್ನು ಕಂಡು ಅವಳಿಗೆ ಭಯವಾಯಿತು.

"ನಿಮ್ಮ ಕಿವಿ ಏನು ತಿಪ್ಪೆಗುಂಡಿಯೇ, ಬಗೆದಷ್ಟೂ ಬರೋದಕ್ಕೆ?" ಎಂದಳು. "ಕಿವಿ ತನ್ನ ಗುಗ್ಗೇನ ತಾನೇ ಹೊರಕ್ಕೆ ತಳ್ಳುತ್ತೆ. ಹೊರಗೆ ಬಂದದ್ದನ್ನ ಒದ್ದೆ ಬಟ್ಟೇಲಿ ಒರೆಸಿಕೊಂಡರೆ ಆಯ್ತು. ಕಟ್ಟಿಕೊಂಡ ಹಾಗಾದರೆ ಹೇಳಿ, ಎರಡು ತೊಟ್ಟು ಎಣ್ಣೆ ಉಗುರುಬೆಚ್ಚಗೆ ಮಾಡಿ ಬಿಡ್ತೀನಿ, ಮೆತ್ತಗಾಗಿ ಬರುತ್ತೆ. ಅದಕ್ಕೂ ಬರಲಿಲ್ಲ ಅಂದ್ರೆ ವೈದ್ಯರಿದ್ದಾರೆ. ಒಳಗೆ ಮಾತ್ರ ಕಡ್ಡಿ ಹಾಕಿಸಬೇಡಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಕಣ್ಣಾರೆ ಕಂಡಿದ್ದನ್ನ ಬಿಟ್ಟು ನಿನ್ನ ಮಾತು ಕೇಳಲಾ?" ಎಂದ ಕುಂಬಾರ.

ಆಮೇಲೆ ಮಳೆ ಹಿಡಿಯಿತು. ಸಂತೆ ಕೂಡಲಿಲ್ಲ. ಕುಂಬಾರನಿಗೆ ಚಡಪಡಿಕೆ ಶುರುವಾಯಿತು. ಕೆದಕಿದ ಕಿವಿ ತುರಿಸುತ್ತದೆ, ತುರಿಸುವ ಕಿವಿಯನ್ನು ಮತ್ತೆ ಕೆದಕಬೇಕೆನಿಸುತ್ತದೆ. ಅವನು ಆ ತುರಿಕೆಯನ್ನೇ ಕೊಳೆಯೆಂದು ತಿಳಿದ. ಪೊರಕೆಯಿಂದ ಕಡ್ಡಿಯೊಂದನ್ನು ಮುರಿದುಕೊಂಡು ತಾನೇ ಕೆಲಸಕ್ಕೆ ಕುಳಿತ. ಆ ಮನುಷ್ಯನ ಕೈಗೆ ಉಂಡೆಯುಂಡೆಯಾಗಿ ಬರುತ್ತಿದ್ದದ್ದು ಇವನ ಕೈಗೆ ಬರಲಿಲ್ಲ. ಬರಲಿಲ್ಲವಾದರೆ ಇಲ್ಲವೆಂದು ತಿಳಿಯಬೇಕಲ್ಲವೇ? ಇನ್ನೂ ಆಳದಲ್ಲಿದೆ ಎಂದು ತಿಳಿದ. ಕಡ್ಡಿಯನ್ನು ಮತ್ತಷ್ಟು ಒಳಗೆ ತಳ್ಳಿದ. ಒಂದು ದಿನ ಚುಳ್ಳೆಂದಿತು, ತುದಿಗೆ ರಕ್ತ ಹತ್ತಿತು. ಅದನ್ನು ಪಂಚೆಗೆ ಒರೆಸಿಕೊಂಡು ಇನ್ನೊಂದು ಕಿವಿಗೆ ಕೈಹಾಕಿದ. ಬುದ್ಧಿಗೇ ಗುಗ್ಗೆ ಕಟ್ಟಿದ ಮೇಲೆ ಯಾವ ಎಣ್ಣೆ ಬಿಡೋಣ?

ಎರಡೂ ಕಿವಿಗಳಲ್ಲಿ ಕೀವು ಸೋರತೊಡಗಿದಾಗ ಹೆಂಡತಿ ಅವನನ್ನು ವೈದ್ಯರ ಬಳಿಗೆ ಎಳೆದುಕೊಂಡು ಹೋದಳು. ವೈದ್ಯರು ನೋಡಿ, ಒಳಗಿನ ಪರದೆ ಹರಿದುಹೋಗಿದೆ, ಇನ್ನು ಎಣ್ಣೆಯಾಗಲಿ ನೀರಾಗಲಿ ಒಳಕ್ಕೆ ಹೋಗಕೂಡದು ಎಂದರು. ಕೀವು ನಿಲ್ಲಿಸುತ್ತೇನೆ, ಕೇಳುವುದನ್ನು ಮರಳಿ ಕೊಡಲಾರೆ ಎಂದೂ ಹೇಳಿದರು. ಮದ್ದಿಗೆ ಕೀವು ನಿಂತಿತು. ಅಷ್ಟರಲ್ಲಿ ಲೋಕದ ಸದ್ದೂ ನಿಂತುಹೋಗಿತ್ತು.

ಕುಂಬಾರ ಅದನ್ನು ಊರಿನಿಂದ ಮುಚ್ಚಿಟ್ಟ. ಮೊದಲಿನಂತೆಯೇ ಮಡಕೆ ಬಡಿದ, ಮೊದಲಿನಂತೆಯೇ ತಲೆ ವಾಲಿಸಿದ, ತೋಚಿದ್ದನ್ನು ಸಂತೆಗೆ ಹೊತ್ತ. ಒಯ್ದ ಹೆಂಗಸರು ಸೋರುವ ಮಡಕೆಗಳನ್ನು ತಂದು ಅವನ ಮುಂದೆ ಕುಕ್ಕಿ ಹೋದರು. ಆಮೇಲೆ ಅವರೂ ಬಡಿದು ನೋಡಲು ಶುರುಮಾಡಿದರು. ಗೆಣ್ಣು ಮಡಕೆಗೆ ಬೀಳುವುದು ಅವನಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಂದೊಂದು ಏಟೂ ಅವನ ಕೆನ್ನೆಗೆ ಬಿದ್ದಂತಾಗುತ್ತಿತ್ತು. ಕೊನೆಗೆ ಹೆಂಡತಿಯೇ ಮಡಕೆ ಬಡಿಯತೊಡಗಿದಳು. ಅವಳ ಮುಖ ನೋಡಿ ಅವನು ಮಡಕೆಯ ಹಣೆಬರಹ ತಿಳಿಯಬೇಕಾಯಿತು. ಅವಳು ಒಂದು ಮಾತೂ ಚುಚ್ಚಿ ಆಡಲಿಲ್ಲ. ಆಡಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

ಕಿವಿ ಹೋದವನಿಗೆ ಕಣ್ಣೊಂದಕ್ಕೇ ಕೆಲಸ. ಸಂತೆಯಲ್ಲಿ ಈಗ ಹೆಂಡತಿಯೇ ವ್ಯಾಪಾರ ಮಾಡುತ್ತಿದ್ದಳು; ಪಕ್ಕದಲ್ಲಿ ಸುಮ್ಮನೆ ಕುಳಿತು ಅವನು ಎದುರಿನ ಮನುಷ್ಯನನ್ನು ನೋಡುತ್ತಿದ್ದ. ಆ ಮನುಷ್ಯ ಒಂದೊಂದು ಕಿವಿಗೆ ಕಡ್ಡಿ ಹಾಕುವ ಮುಂಚೆಯೂ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ರುಮಾಲಿನ ಮಡಿಕೆಯೊಳಗೆ ಹೋದ ಬೆರಳು ಉಗುರಿನಡಿಯಲ್ಲಿ ಕಪ್ಪಗಿನದೇನನ್ನೋ ಅಡಗಿಸಿಕೊಂಡು ಹೊರಗೆ ಬರುತ್ತಿತ್ತು. ಮೇಣಕ್ಕೆ ಮಸಿ ಕಲಸಿ ಮಾಡಿದ ಉಂಡೆ. ಅದೇ ಉಂಡೆ ಕಿವಿಯ ಬಳಿ ಹೋಗಿ, ಅಂಗೈ ಮೇಲೆ ಕುಳಿತು, ಗುಗ್ಗೆ ಎನಿಸಿಕೊಳ್ಳುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕುಂಬಾರ ತುಂಬಿದ ಸಂತೆಯ ನಡುವೆ ಎದ್ದು ನಿಂತು ಕೂಗಿದ. ತನಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದೇ ಕೂಗಿದ. ಆದರೆ ತನ್ನ ದನಿ ತನಗೇ ಕೇಳದವನ ಮಾತಿಗೆ ಅಳತೆ ಎಲ್ಲಿಯದು? ಅರ್ಧ ಅರಚಾಯಿತು, ಅರ್ಧ ಗಂಟಲಲ್ಲೇ ಉಳಿಯಿತು. ಕಿವಿ ತೋರಿಸಿದ, ರುಮಾಲು ತೋರಿಸಿದ, ಅತ್ತ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಆ ಮನುಷ್ಯ ಗಾಬರಿಯಾಗಲಿಲ್ಲ. ಎದ್ದು ಜನರಿಗೆ ಕೈಮುಗಿದು, "ಪಾಪ, ಒಳ್ಳೇ ಕುಂಬಾರ. ನನ್ನ ಹತ್ತಿರ ಶುಚಿ ಮಾಡಿಸಿಕೊಳ್ತಿದ್ದ. ನಡುವೆ ಬಿಟ್ಟುಬಿಟ್ಟ. ಬಿಟ್ಟರೆ ಏನಾಗುತ್ತೆ ಅಂತ ನೀವೇ ನೋಡಿ" ಎಂದ.

ಜನ ಕುಂಬಾರನತ್ತ ತಿರುಗಿ ಮರುಕದಿಂದ ತಲೆಯಾಡಿಸಿದರು. ಆಮೇಲೆ ನಾ ಮುಂದು ತಾ ಮುಂದು ಎಂದು ಆ ಮನುಷ್ಯನನ್ನು ಮುತ್ತಿಕೊಂಡರು. ಅವನು ಗುಂಪಿನಲ್ಲಿ ಮುಚ್ಚಿಹೋದ. ಅವರು ಅವನ ರುಮಾಲು ಬಿಚ್ಚಿ ಒದೆಯುತ್ತಿದ್ದಾರೆಂದು ಕುಂಬಾರ ತಿಳಿದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತು. ಹೆಂಡತಿಯ ಪಕ್ಕದಲ್ಲಿ ಕುಸಿದು ಕುಳಿತು, ಎಲ್ಲರೂ ನನ್ನ ಮಾತು ನಂಬಿದರು, ಇನ್ನು ಯಾರ ಕಿವಿಯೂ ಹೋಗುವುದಿಲ್ಲ ಎಂದ. ಆ ಮನುಷ್ಯ ಜನರಿಗೆ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಹೌದೆಂದು ತಲೆಯಾಡಿಸಿ, ಉಳಿದ ಮಡಕೆಗಳನ್ನು ಕಟ್ಟತೊಡಗಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಜನ ನಿನ್ನನ್ನು ನಂಬಲಿಲ್ಲ ಎಂದು ಅವಳು ಸನ್ನೆಯಲ್ಲಾದರೂ ಹೇಳಬಹುದಿತ್ತಲ್ಲ, ಗುರುಗಳೇ. ಏಕೆ ಹೇಳಲಿಲ್ಲ?" ಎಂದು ಚೆನ್ನವೀರ ಕೇಳಿದ.

"ಕಿವಿ ಇದ್ದಾಗ ಹೇಳಿದ್ದಳು" ಎಂದರು ಗುರುಗಳು.