ಮೂರನೆಯ ಲಕೋಟೆ

ಪವಾಡ ಕೇಳುವ ಚಪಲದಿಂದ ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ: ಪೂಜ್ಯ ಮಾರ್ಸೆಲ್ ಗುರುಗಳು ನೀರಿನ ಮೇಲೆ ನಡೆದವರಲ್ಲ. ಕುಂದಾಪುರದ ಆಚೆ, ಹೊಳೆ ಕಡಲು ಸೇರುವಲ್ಲಿನ ಸಣ್ಣ ಇಗರ್ಜಿಯಲ್ಲಿ ಮೂವತ್ತು ವರ್ಷ ಸೇವೆ ಮಾಡಿದರು. ಇದ್ದದ್ದು ಎರಡೇ ನಿಲುವಂಗಿ, ಅದರಲ್ಲೂ ಒಂದಕ್ಕೆ ತೇಪೆ. ಮಾತೆ ಮರಿಯಮ್ಮನವರ ಹುಟ್ಟುಹಬ್ಬದಂದು, ಅಂದರೆ ನಮ್ಮ ತೆನೆಹಬ್ಬದಂದು, ಪೂಜೆ ಮುಗಿದ ಮೇಲೆ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು, ಅಕ್ಷರ ಬಾರದವರಿಗೆ ವಿಳಾಸ ಬರೆದುಕೊಡಲಿಕ್ಕೆ.

ವಿಳಾಸ ಯಾಕೆ ಅಂದರೆ, ಇಗರ್ಜಿಯಲ್ಲಿ ಆಶೀರ್ವಾದ ಪಡೆದ ಹೊಸ ಭತ್ತದ ಕಾಳನ್ನು ಆ ದಿನ ಮನೆಯವರೆಲ್ಲ ಹಾಲಿಗೆ ಹಾಕಿ ಹಂಚಿಕೊಂಡು ತಿನ್ನಬೇಕು. ಪರವೂರಿನಲ್ಲಿ ಇದ್ದವರಿಗೂ ಪಾಲು ತಪ್ಪಬಾರದು. ಅವರವರ ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗುತ್ತಿತ್ತು.

ಆ ವರ್ಷ ವಿಧವೆ ಸೆರಫಿನ್ ಬಾಯಿ ಇಬ್ಬರು ಹೆಣ್ಣುಮಕ್ಕಳಿಗೆಂದು ಎರಡು ಲಕೋಟೆ ಹಿಡಿದು ಬಂದರು. ಗುರುಗಳು ಎರಡರ ಮೇಲೂ ವಿಳಾಸ ಬರೆದರು. ಆಮೇಲೆ ಕೈಚೀಲದಿಂದ ಇನ್ನೊಂದು ಖಾಲಿ ಲಕೋಟೆ ತೆಗೆದು ಮುಂದಿಟ್ಟರು.

"ಇದು ಯಾರಿಗೆ, ಫಾದರ್?"

"ಲಾದ್ರುವಿಗೆ."

ಅಬ್ಬಾ, ಬಾಯಿಯ ಮುಖ ನೋಡಬೇಕಿತ್ತು! ಲಾದ್ರು ಅವರ ಒಡಹುಟ್ಟಿದ ತಮ್ಮ. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ, ಕಡಲಿಗೆ ಇಳಿಯಬೇಡಿ ಎಂದು ಊರಿಗೆ ಊರೇ ಹೇಳಿದ ದಿನ, ಕುಡಿದ ಅಮಲಿನಲ್ಲಿ ಅಕ್ಕನ ಒಬ್ಬನೇ ಮಗ ಎಲಿಯಾಸನನ್ನು ದೋಣಿಗೆ ಹತ್ತಿಸಿಕೊಂಡು ಹೋಗಿದ್ದ. ಈಜಿ ದಡ ಸೇರಿದವನು ಲಾದ್ರು ಒಬ್ಬನೇ. ಅಂದೇ ಬಾಯಿ ಅವನನ್ನು ಹೊಸ್ತಿಲಿಂದ ಆಚೆ ಹಾಕಿದ್ದರು. ಆಮೇಲೆ ಅವನು ಬೊಂಬಾಯಿಯ ಬಂದರಿನಲ್ಲಿ ಮೂಟೆ ಹೊತ್ತು ಬದುಕುತ್ತಿದ್ದ.

"ಅವನ ಹೆಸರು ಎತ್ತಬೇಡಿ! ಅವನಿಗೆ ಕಾಳಲ್ಲ, ಮಣ್ಣು ಕಳಿಸ್ತೇನೆ ನಾನು!" ಎಂದು ಬಾಯಿ ಕೂಗಿದ್ದಕ್ಕೆ, ಹಿಂದೆ ಸಾಲು ನಿಂತಿದ್ದವರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಗುರುಗಳು ಬುದ್ಧಿವಾದ ಹೇಳಲಿಲ್ಲ. ಚೀಲದಿಂದ ಆರು ಹಳೆಯ ಲಕೋಟೆ ತೆಗೆದಿಟ್ಟರು. ವರ್ಷ ವರ್ಷವೂ ಅವರು ತಮ್ಮ ಪಾಲಿನ ಕಾಳನ್ನೇ ಲಾದ್ರುವಿಗೆ ಕಳಿಸುತ್ತಿದ್ದರಂತೆ. ವರ್ಷ ವರ್ಷವೂ ಅವನು ಹಿಂದಕ್ಕೆ ಕಳಿಸುತ್ತಿದ್ದನಂತೆ. ಒಳಗಿದ್ದ ಚೀಟಿಗಳನ್ನು ಗುರುಗಳು ಓದಿದರು. ಆರರಲ್ಲೂ ಒಂದೇ ಮಾತು: "ಅಕ್ಕ ಕೊಡದ ತೆನೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಫಾದರ್."

ಬಾಯಿ ಒಂದು ಲಕೋಟೆಯನ್ನು ಮುಟ್ಟಿದರು, ಕೈ ಹಿಂದಕ್ಕೆ ತೆಗೆದುಕೊಂಡರು. "ನನ್ನ ಗಾಯ ಇನ್ನೂ ಹಸಿ ಉಂಟು. ಒಣಗಲಿ, ಆಮೇಲೆ ನೋಡುವ," ಎಂದರು.

ಗುರುಗಳು ಗೋಡೆಯ ಮೇಲಿನ ಶಿಲುಬೆಯತ್ತ ನೋಡಿದರು.

"ಯೇಸುಸ್ವಾಮಿ ಗಾಯ ಒಣಗಲಿ ಅಂತ ಕಾದರಾ, ಬಾಯಿ? ರಕ್ತ ಸುರಿಯುವಾಗಲೇ ಕ್ಷಮಿಸಿದರಲ್ಲ."

ಅಷ್ಟೇ ಹೇಳಿದ್ದು. ನಾವಾಗಿದ್ದರೆ ಅರ್ಧ ಗಂಟೆ ಪ್ರವಚನ ಬಿಗಿಯುತ್ತಿದ್ದೆವು! ಬಾಯಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಗುರುಗಳೂ ಕಣ್ಣೊರೆಸಿಕೊಂಡರು. ಎಲಿಯಾಸನಿಗೆ ಜ್ಞಾನಸ್ನಾನ ಕೊಟ್ಟವರು ಅವರೇ ತಾನೆ.

ಅತ್ತು ಮುಗಿದ ಮೇಲೆ ಬಾಯಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಉಳಿದದ್ದು ಅವರ ಸ್ವಂತ ಪಾಲು ಮಾತ್ರ. ಅಷ್ಟನ್ನೂ ಮೂರನೆಯ ಲಕೋಟೆಗೆ ಸುರಿದು, ತಾವೇ ಅಂಟು ಹಚ್ಚಿದರು.

"ಮೇಲೆ ಏನಾದರೂ ಬರೆಯಬೇಕಾ?" ಎಂದು ಗುರುಗಳು ಕೇಳಿದರು.

"ಅಕ್ಕ ಕೊಟ್ಟದ್ದು, ತಿನ್ನು ಅಂತ ಬರೀರಿ. ಮತ್ತೆ... ಮನೆಗೆ ಬಾ ಅಂತ."

ಗುರುಗಳು ಹಾಗೆಯೇ ಬರೆದರು. ತಮಗೆಂದು ಇಟ್ಟುಕೊಂಡಿದ್ದ ಕಾಳಿನಲ್ಲಿ ಅರ್ಧವನ್ನು ಬಾಯಿಯ ಅಂಗೈಗೆ ಹಾಕಿ ಕಳಿಸಿದರು.

ಈ ಲಕೋಟೆ ಹಿಂದೆ ಬರಲಿಲ್ಲ. ಕ್ರಿಸ್ಮಸ್ಸಿನ ಬೆಳಿಗ್ಗೆ ಲಾದ್ರು ಬಂದು, ಒಳಗೆ ಕಾಲಿಡಲು ಧೈರ್ಯ ಸಾಲದೆ ಅಂಗಳದಲ್ಲೇ ನಿಂತ. ಬಾಯಿ ಹೋಗಿ ಕೈ ಹಿಡಿದು ಕರೆತಂದು ಊಟಕ್ಕೆ ಕೂರಿಸಿದರು. ಮರುದಿನ ಬಾಯಿ ಗುರುಗಳ ಮುಂದೆ ಮಂಡಿಯೂರಿ ಹೇಳಿದರಂತೆ:

"ಕಡಲು ನುಂಗಿದ್ದು ನನ್ನವರಲ್ಲಿ ಒಬ್ಬನನ್ನು ಮಾತ್ರ, ಫಾದರ್. ಇನ್ನೊಬ್ಬನನ್ನು ಇಷ್ಟು ವರ್ಷ ನಾನೇ ಮುಳುಗಿಸಿ ಇಟ್ಟಿದ್ದೆ."