ಮರಳಿ ಬಾರದ ಹನಿ

ಖಾನಾವಳಿಯ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಲೇ ದ್ಯಾಮವ್ವನ ಅರ್ಧ ಆಯುಷ್ಯ ಕಳೆದಿತ್ತು. ಬೆಂಕಿ ಮಂಕಾದಾಗಲೆಲ್ಲ ಊದುಗೊಳವೆಗೆ ಗಾಳಿ ತುಂಬುತ್ತಿದ್ದದ್ದು ಅವಳ ಶ್ವಾಸಕೋಶ. ಅಷ್ಟು ಹೊಗೆ ನುಂಗಿಯೂ ಕೆಮ್ಮದ ಅದಕ್ಕೆ ತನ್ನ ಗಟ್ಟಿತನದ ಬಗ್ಗೆ ಬಲು ಜಂಭ.

ಒಮ್ಮೆ ಉಸಿರು ಪಡೆಯಲು ಬಂದ ರಕ್ತದ ಹನಿ ಹೇಳಿತು: “ನಿನ್ನ ಮೂಲೆಯಲ್ಲೊಂದು ಜೀವಕೋಶ ದಾರಿ ತಪ್ಪಿದೆ. ಸುಮ್ಮನಿರಬೇಕಾದ ಅದರ ಜೀನುಗಳು ‘ಬೆಳೆ, ಬೆಳೆ’ ಎಂದು ಕೂಗುತ್ತಿವೆ.”

“ಅಂಥದ್ದಿದ್ದರೆ ನಾನು ಕೆಮ್ಮುತ್ತಿರಲಿಲ್ಲವೇ?” ಎಂದಿತು ಶ್ವಾಸಕೋಶ.

“ನೀನು ಕೆಮ್ಮುವ ಹೊತ್ತಿಗೆ ಅದು ನಿನ್ನ ಮನೆತುಂಬ ಸಂಸಾರ ಹೂಡಿರುತ್ತದೆ.”

ಆ ವಾರವೇ ಓಣಿಗೆ ಕ್ಯಾನ್ಸರ್ ಪತ್ತೆಯ ರಕ್ತ ತಪಾಸಣೆಯವರು ಬಂದರು.

“ಕೆಮ್ಮಿಲ್ಲ, ದಮ್ಮಿಲ್ಲ, ನನಗ್ಯಾಕ್ರೀ ಸೂಜಿ?” ಎಂದಳು ದ್ಯಾಮವ್ವ.

“ಕೆಮ್ಮು ಬರೋದ್ರೊಳಗ ನೋಡಬೇಕ್ರೀ ಯವ್ವಾ,” ಎಂದಳು ನರ್ಸ್.

ದ್ಯಾಮವ್ವ ಗೊಣಗುತ್ತ ತೋಳು ಚಾಚಿದಳು.

“ಹೋದರೆ ಮತ್ತೆ ಬರಲಾರೆ. ಆದರೆ ಕೇಳಿಸಿಕೊಂಡದ್ದನ್ನು ಹೇಳಿಬಿಡುತ್ತೇನೆ,” ಎಂದು ಅದೇ ಹನಿ ಸೂಜಿಯೇರಿ ಹೊರಟುಹೋಯಿತು.

ಪ್ರಯೋಗಾಲಯದ ಯಂತ್ರ ಅದರ ಮಾತು ಆಲಿಸಿತು. ಸ್ಕ್ಯಾನ್ ಮಾಡಿದಾಗ ಜೋಳದ ಕಾಳಿನಷ್ಟು ಗಂಟು ಸಿಕ್ಕಿತು. ವೈದ್ಯರು ಅದನ್ನು ಕತ್ತರಿಸಿ ತೆಗೆದರು.

ಚೇತರಿಸಿಕೊಂಡ ಶ್ವಾಸಕೋಶ, ಎದುರಿಗೆ ಬಂದ ಹನಿಯನ್ನು ಕೇಳಿತು: “ಅಂದು ನನಗೆ ಹೇಳಿದ್ದು ನೀನೇ ಏನು?”

“ಅಲ್ಲ. ಅದು ಮರಳಿ ಬರಲೇ ಇಲ್ಲ.”

ಅದರ ಹಿಂದಿನ ಹನಿಯೂ ಅದನ್ನೇ ಹೇಳಿತು.

ಕೃತಜ್ಞತೆಯನ್ನು ಯಾರಿಗೆ ಒಪ್ಪಿಸುವುದೆಂದು ತಿಳಿಯದ ಶ್ವಾಸಕೋಶ, ಅಂದಿನಿಂದ ಬಾಗಿಲಿಗೆ ಬಂದ ಒಂದೊಂದು ಹನಿಗೂ ತುಂಬು ಉಸಿರು ಕೊಟ್ಟು, “ಏನಾದರೂ ಕೇಳಿಸಿತೇ?” ಎಂದು ವಿಚಾರಿಸಿಯೇ ಕಳಿಸುತ್ತದೆ.